ರಿಸೀವರ್‌ನ ಬೆಳ್ಳಿ ಮುಖದ ಗೀರು: ಉಜ್ಜುವ ಮೊದಲು ತಿಳಿಯಬೇಕಾದ್ದು

ಪ್ರಶ್ನೆ: ನನ್ನ ತಂದೆ 1978ರಲ್ಲಿ ಕುವೈತಿನಿಂದ ತಂದ ಪಯೋನಿಯರ್ ರಿಸೀವರ್ (ರೇಡಿಯೋ, ಆಂಪ್ಲಿಫಯರ್ ಒಂದೇ ಪೆಟ್ಟಿಗೆಯಲ್ಲಿರುವ ಸೆಟ್ಟು) ಉಡುಪಿ ಕಡಿಯಾಳಿಯ ನಮ್ಮ ಮನೆಯಲ್ಲಿ ಇನ್ನೂ ಉಂಟು. ಒಳಗಿನ ರಿಪೇರಿ ಆಗಿದೆ, ಸ್ವರ ಚೆನ್ನಾಗಿ ಬರುತ್ತದೆ. ಆದರೆ ಎದುರಿನ ಅಲ್ಯೂಮಿನಿಯಂ ಪ್ಯಾನೆಲ್ ನೋಡಿದರೆ ಬೇಸರ. ವಾಲ್ಯೂಮ್ ನಾಬಿನ ಸುತ್ತ ಕಪ್ಪು ಬಳೆಯಂಥ ಗುರುತು, ನಡುವಿನಲ್ಲಿ ಮೇಲಿನಿಂದ ಕೆಳಕ್ಕೆ ಒಂದು ಉದ್ದ ಗೀರು, ಎಡ ಮೂಲೆಯಲ್ಲಿ ಬಿಳಿ ಚುಕ್ಕೆಗಳು. ಅತ್ತೆ ಹುಣಸೆಹುಳಿ ಹಾಕಿ ತಿಕ್ಕಲು ಹೇಳುತ್ತಾರೆ. ಭಾವ ಗ್ಯಾರೇಜಿನಲ್ಲಿ ಬಫ್ ಮಾಡಿಸೋಣ, ಅಂದರೆ ತಿರುಗುವ ಚಕ್ರಕ್ಕೆ ಹಿಡಿದು ಹೊಳಪು ಕೊಡಿಸೋಣ ಅನ್ನುತ್ತಾರೆ. ಯಾವುದು ಸರಿ? ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಸಿ ಇಡುತ್ತೇವೆ, ಅದು ಸರಿಯಾ?

ಉತ್ತರ: ಸದ್ಯಕ್ಕೆ ಏನನ್ನೂ ಉಜ್ಜಬೇಡಿ. ಹುಣಸೆಹುಳಿಯೂ ಬೇಡ, ಬಫ್ ಯಂತ್ರವೂ ಬೇಡ. ನೀವು ಬರೆದ ಮೂರು ಗುರುತು ಮೂರು ಬೇರೆ ಬೇರೆ ತೊಂದರೆ. ನಾಬಿನ ಸುತ್ತಲಿನ ಬಳೆ ಬಹುಮಟ್ಟಿಗೆ ಸೋಪುನೀರಿಗೆ ಹೋಗುತ್ತದೆ. ಉದ್ದ ಗೀರನ್ನು ಕಣ್ಣಿಗೆ ಕಾಣದಷ್ಟು ಅಡಗಿಸಬಹುದು. ಬಿಳಿ ಚುಕ್ಕೆ ಗುಣವಾಗುವುದಿಲ್ಲ, ಮುಂದೆ ಹರಡದಂತೆ ತಡೆಯಬಹುದು. ಮೂರಕ್ಕೂ ಒಂದೇ ಮದ್ದು ಅಂತ ಹೊರಟಲ್ಲೇ ಹೆಚ್ಚಿನ ಪ್ಯಾನೆಲ್‌ಗಳು ಹಾಳಾಗುವುದು.

ಅತ್ತೆಯವರು ಹೇಳಿದ್ದು ಹಿತ್ತಾಳೆಯ ಪಾತ್ರೆಗೆ, ಕಾಲುದೀಪಕ್ಕೆ ಸರಿಯಾದ ಮಾತು. ಹಿತ್ತಾಳೆಯ ಮೇಲೆ ಕೂತ ಕಿಲುಬನ್ನು ಹುಳಿ ಕರಗಿಸುತ್ತದೆ, ಒಳಗಿನ ಹೊಳಪು ಹೊರಗೆ ಬರುತ್ತದೆ. ಅಲ್ಯೂಮಿನಿಯಂನಲ್ಲಿ ಲೆಕ್ಕ ತಿರುಗುಮುರುಗು. ಇಲ್ಲಿ ಮೇಲೆ ಕೂತ ಆಕ್ಸೈಡ್ ಕೊಳೆ ಅಲ್ಲ, ಅದೇ ರಕ್ಷಣೆ. ಗಾಳಿಗೆ ಒಡ್ಡಿದ ಕ್ಷಣದಲ್ಲೇ ಅಲ್ಯೂಮಿನಿಯಂ ಮೇಲೆ ಆಕ್ಸೈಡಿನ ಪೊರೆ ಕಟ್ಟುತ್ತದೆ, ಆದರೆ ಅದು ಕೆಲವೇ ನ್ಯಾನೋಮೀಟರ್ ದಪ್ಪ. ಕಾರ್ಖಾನೆಯಲ್ಲಿ ಪ್ಯಾನೆಲನ್ನು ಗಂಧಕಾಮ್ಲದ ದ್ರಾವಣದಲ್ಲಿ ಮುಳುಗಿಸಿ, ಹದಿನೈದು ವೋಲ್ಟ್ ಆಸುಪಾಸಿನ ಡಿಸಿ ವಿದ್ಯುತ್ ಹರಿಸಿ ಆ ಪೊರೆಯನ್ನು ಸಾವಿರಾರು ಪಟ್ಟು ದಪ್ಪ ಬೆಳೆಸುತ್ತಾರೆ. ಇದೇ ಆನೊಡೈಸಿಂಗ್. ಅಲಂಕಾರದ ಪ್ಯಾನೆಲ್‌ಗಳಲ್ಲಿ ಅದರ ದಪ್ಪ ಸಾಮಾನ್ಯವಾಗಿ 5ರಿಂದ 15 ಮೈಕ್ರಾನ್, ಅಂದರೆ ತಲೆಕೂದಲಿನ ದಪ್ಪದ ಹತ್ತನೇ ಒಂದು ಪಾಲಿನ ಸುತ್ತಮುತ್ತ. ಬೆಳೆದು ನಿಂತ ಪೊರೆಯ ತುಂಬ ಸೂಕ್ಷ್ಮ ರಂಧ್ರಗಳಿರುತ್ತವೆ. ಬಣ್ಣ ಬೇಕಿದ್ದರೆ ಆ ರಂಧ್ರಗಳಿಗೆ ಬಣ್ಣ ಕುಡಿಸುತ್ತಾರೆ, ಕೊನೆಗೆ ಕುದಿಯುವ ನೀರಿನಲ್ಲಿಟ್ಟು ಅವುಗಳ ಬಾಯಿ ಮುಚ್ಚಿಸುತ್ತಾರೆ.

ಈ ವಿದ್ಯೆ ಹುಟ್ಟಿದ್ದೇ ಕಡಲಿನ ಕಾಟಕ್ಕೆ ಎಂಬುದು ನಮ್ಮ ಕರಾವಳಿಯವರಿಗೆ ನೆನಪಿರಬೇಕಾದ ಸಂಗತಿ. 1923ರಲ್ಲಿ ಬ್ರಿಟನ್ನಿನ ಬೆಂಗೊ ಮತ್ತು ಸ್ಟುವರ್ಟ್ ನೀರಿನ ಮೇಲೆ ಇಳಿಯುವ ವಿಮಾನಗಳ ಅಲ್ಯೂಮಿನಿಯಂ ಭಾಗಗಳನ್ನು ಉಪ್ಪುನೀರಿನಿಂದ ಉಳಿಸಲು ಇದನ್ನು ಬಳಕೆಗೆ ತಂದರು. ಅವರು ಬಳಸಿದ್ದು ಕ್ರೋಮಿಕ್ ಆಮ್ಲ. ಗಂಧಕಾಮ್ಲದ ವಿಧಾನಕ್ಕೆ ಪೇಟೆಂಟ್ ಬಂದದ್ದು 1927ರಲ್ಲಿ. ಐವತ್ತು ವರ್ಷಗಳ ನಂತರ ಕುವೈತಿನ ಅಂಗಡಿಯಿಂದ ನಿಮ್ಮ ತಂದೆ ಹೊತ್ತು ತಂದ ಪೆಟ್ಟಿಗೆಯ ಮುಖಕ್ಕೆ ಅದೇ ಪೊರೆ. ಈ ಪೊರೆ ಬಹಳ ಗಟ್ಟಿ, ಆದರೆ ಹುಳಿಗೂ ಕ್ಷಾರಕ್ಕೂ ಸೋಲುತ್ತದೆ. ಹುಣಸೆ, ಲಿಂಬೆ ಒಂದು ಕಡೆಯಿಂದ ತಿಂದರೆ, ಒಲೆಬೂದಿ, ಬಟ್ಟೆಸೋಡಾ, ಬಚ್ಚಲ ಕೊಳವೆ ಬಿಡಿಸುವ ಕಾಸ್ಟಿಕ್ ಸೋಡಾ ಇನ್ನೊಂದು ಕಡೆಯಿಂದ ತಿನ್ನುತ್ತವೆ. ಕಾಸ್ಟಿಕ್ ಅಂತೂ ನಿಮಿಷಗಳಲ್ಲಿ ಪೊರೆಯನ್ನು ಪೂರಾ ಕರಗಿಸುತ್ತದೆ. ಕೈಯಿಂದ ಉಜ್ಜಿ ಈ ಪೊರೆಯನ್ನು ಮತ್ತೆ ಬೆಳೆಸಲು ಯಾರಿಂದಲೂ ಸಾಧ್ಯವಿಲ್ಲ. ನಾನು ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಭಾವನವರ ಬಫಿಂಗ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬಫ್ ಚಕ್ರ ಪೊರೆಯನ್ನು ಕೀಳುತ್ತದೆ, ಪ್ಯಾನೆಲಿನ ಮೇಲೆ ಕಾರ್ಖಾನೆಯಲ್ಲೇ ಅಡ್ಡಲಾಗಿ ಎಳೆದ ಕೂದಲೆಳೆಯಂಥ ಗೆರೆಗಳನ್ನು ಅಳಿಸುತ್ತದೆ, ಅಕ್ಷರಗಳನ್ನೂ ಒಯ್ಯುತ್ತದೆ. ವಾಪಸ್ ಬರುವುದು ಸ್ಟೀಲ್ ತಟ್ಟೆಯಂಥ ಕನ್ನಡಿ. ಬೈಕಿನ ಭಾಗಕ್ಕೆ ಅದು ಚಂದ, ರಿಸೀವರಿಗೆ ಅಲ್ಲ.

ಈಗ ಪರೀಕ್ಷೆ. ನಿಮ್ಮ ಪ್ಯಾನೆಲ್ ಮೇಲೆ ಪೊರೆ ಉಂಟಾ, ಅಥವಾ ಬರಿಯ ಲೋಹವಾ? ಮಲ್ಟಿಮೀಟರನ್ನು ಕಂಟಿನ್ಯುಟಿಗೆ (ವಿದ್ಯುತ್ ಹರಿದರೆ ಬೀಪ್ ಎನ್ನುವ ಸ್ಥಾನಕ್ಕೆ) ಇಟ್ಟು, ನಾಬಿನ ಹಿಂದೆ ಮರೆಯಾಗುವ ಜಾಗದಲ್ಲಿ ಎರಡೂ ಮೊನೆಗಳನ್ನು ಒತ್ತದೆ ಮುಟ್ಟಿಸಿ. ಬೀಪ್ ಬಂದರೆ ಬರಿಯ ಲೋಹ. ಬಾರದಿದ್ದರೆ ಆನೊಡೈಸ್ ಇದೆ, ಇಲ್ಲವೇ ಮೇಲೆ ಪಾರದರ್ಶಕ ಲ್ಯಾಕರ್ (ವಾರ್ನಿಷಿನಂಥ ಲೇಪ) ಇದೆ, ಯಾಕೆಂದರೆ ಎರಡೂ ವಿದ್ಯುತ್ತನ್ನು ಬಿಡುವುದಿಲ್ಲ. ಇವೆರಡನ್ನು ಬೇರೆ ಮಾಡಲು ಅದೇ ಮರೆಯ ಜಾಗದಲ್ಲಿ ಉಗುರುಬಣ್ಣ ತೆಗೆಯುವ ದ್ರವವನ್ನು ಹತ್ತಿಕಡ್ಡಿಯಿಂದ ಒಂದು ಚುಕ್ಕೆ ಮುಟ್ಟಿಸಿ. ಅಂಟಂಟಾದರೆ ಲ್ಯಾಕರ್. ಏನೂ ಆಗದಿದ್ದರೆ ಆನೊಡೈಸ್. ಆ ಕಾಲದ ಜಪಾನಿ ಸೆಟ್ಟುಗಳ ಬೆಳ್ಳಿ ಮುಖಗಳಲ್ಲಿ ನಾನು ಕಂಡಿದ್ದು ಹೆಚ್ಚಾಗಿ ಆನೊಡೈಸೇ. ಹಾಗಾಗಿ ನಿಮ್ಮದೂ ಹಾಗೆಯೇ ಎಂದುಕೊಂಡು ಬರೆಯುತ್ತೇನೆ, ಆದರೆ ಪರೀಕ್ಷೆ ಬಿಡಬೇಡಿ.

ಅಕ್ಷರಗಳಿಗೆ ಇನ್ನೊಂದು ಪರೀಕ್ಷೆ ಬೇಕು. ಉಗುರಿನ ತುದಿಯನ್ನು ಅಕ್ಷರದ ಮೇಲೆ ಮೆಲ್ಲಗೆ ಓಡಿಸಿ. ಕೆತ್ತಿ ಬಣ್ಣ ತುಂಬಿದ್ದರೆ ತಗ್ಗು ಸಿಗುತ್ತದೆ, ಸ್ಕ್ರೀನ್ ಪ್ರಿಂಟ್ ಆದರೆ ಕೂದಲಿನಷ್ಟು ಉಬ್ಬು ಸಿಗುತ್ತದೆ. ಪ್ರಿಂಟ್ ಆದ ಅಕ್ಷರದ ಹತ್ತಿರ ಸ್ಪಿರಿಟ್, ಥಿನ್ನರ್, ಉಗುರುಬಣ್ಣದ ದ್ರವ ಯಾವುದೂ ಸುಳಿಯಬಾರದು. ಈ ಪಾಠ ನನಗೆ ಬಹಳ ದುಬಾರಿಯಾಗಿ ಸಿಕ್ಕಿತು. ಕೆಲಸಕ್ಕೆ ಇಳಿದ ಹೊಸದರಲ್ಲಿ ಕುಂದಾಪುರದ ಹಿರಿಯರೊಬ್ಬರ ಕ್ಯಾಸೆಟ್ ಡೆಕ್ ನನ್ನ ಕೈಗೆ ಬಂದಿತ್ತು. ಯಕ್ಷಗಾನ ಭಾಗವತ ಕಾಳಿಂಗ ನಾವಡರ ಪದಗಳನ್ನು ಅದರಲ್ಲೇ ಕೇಳಬೇಕೆಂದು ಅವರ ಹಟ. ಟೇಪ್ ಓದುವ ಹೆಡ್ ತೊಳೆಯುವ ಸ್ಪಿರಿಟ್ ಕೈಯಲ್ಲೇ ಇತ್ತು, ಅದರಿಂದಲೇ ಮುಖವನ್ನೂ ಒರೆಸಿದೆ. ಹತ್ತಿ ಕಪ್ಪಾದದ್ದು ಕೊಳೆಗೆ ಎಂದುಕೊಂಡಿದ್ದೆ. ನೋಡಿದರೆ ರೆಕಾರ್ಡ್ ಮಟ್ಟದ ಅಂಕಿಗಳು ಅರ್ಧಕ್ಕರ್ಧ ಇರಲಿಲ್ಲ. ಅವರು ಬೈಯಲಿಲ್ಲ, ಪರವಾಗಿಲ್ಲ ಎಂದು ತೆಗೆದುಕೊಂಡು ಹೋದರು. ಇವತ್ತಿಗೂ ಯಾವುದೇ ಪ್ಯಾನೆಲ್ ಬಂದರೆ ನಾನು ಮೊದಲು ಮುಟ್ಟುವುದು ನಾಬಿನ ಹಿಂದಿನ ಮರೆಯ ಜಾಗವನ್ನು.

ಪ್ಯಾನೆಲನ್ನು ಬಿಚ್ಚಿಕೊಂಡು ಕೆಲಸ ಮಾಡುವುದು ಒಳ್ಳೆಯದು. ಹಿಂದಿನ ದಿನವೇ ಪ್ಲಗ್ ಕಿತ್ತಿಡಿ. ಆಂಪ್ಲಿಫಯರ್ ಒಳಗಿನ ದೊಡ್ಡ ಕೆಪಾಸಿಟರ್‌ಗಳು ಕರೆಂಟ್ ತೆಗೆದ ಮೇಲೂ ಚಾರ್ಜ್ ಹಿಡಿದಿರುತ್ತವೆ, ಒಳಗೆ ಕೈ ಹಾಕುವ ಅಗತ್ಯವೂ ನಿಮಗಿಲ್ಲ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ನಾಬಿನ ಪಕ್ಕದಲ್ಲಿ ಸಣ್ಣ ತೂತಿದ್ದರೆ ಒಳಗೆ ಆಲನ್ ಸ್ಕ್ರೂ ಇರುತ್ತದೆ. ಇಲ್ಲದಿದ್ದರೆ ಅದು ಒತ್ತಿ ಕೂರಿಸಿದ್ದು, ಹಿಂದಿನಿಂದ ಹತ್ತಿಯ ಲಾಡಿ ಸುತ್ತಿ ನೇರವಾಗಿ ಎಳೆದರೆ ಬರುತ್ತದೆ. ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ. ನನ್ನಲ್ಲಿಗೆ ಬರುವ ಪ್ಯಾನೆಲ್‌ಗಳಲ್ಲಿ ನಾಬಿನ ಬುಡದ ಗೀರು ಹೆಚ್ಚಾಗಿ ಹಾಗೆ ಆದವೇ. ಸ್ಟೇಷನ್ ಹುಡುಕುವ ಮುಳ್ಳನ್ನು ಎಳೆಯುವ ದಾರಕ್ಕೆ ಕೈ ತಾಗದಂತೆ ನೋಡಿಕೊಳ್ಳಿ, ಅದು ಜಾರಿದರೆ ಮತ್ತೆ ಕಟ್ಟುವುದು ಅರ್ಧ ದಿನದ ಕೆಲಸ.

ನಾಬಿನ ಸುತ್ತಲಿನ ಕಪ್ಪು ಬಳೆಗೆ ಬರೋಣ. ನಲವತ್ತು ವರ್ಷಗಳ ಬೆರಳಿನ ಜಿಡ್ಡು, ಅದರ ಮೇಲೆ ಚಾವಡಿಯ ದೀಪದೆಣ್ಣೆಯ ಹೊಗೆ, ಅಗರಬತ್ತಿ, ಮಳೆಗಾಲದ ತೇವ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ನಾಲ್ಕೈದು ಹನಿ ಸಾಕು. ಹಳೆಯ ಹತ್ತಿ ಬನಿಯನ್ ತುಂಡನ್ನು ಅದ್ದಿ ಹಿಂಡಿ, ಗೆರೆಗಳ ಉದ್ದಕ್ಕೆ ಎಳೆಯಿರಿ, ಗುಂಡಗೆ ತಿರುಗಿಸಬೇಡಿ. ಮೊದಲ ಸಲಕ್ಕೆ ಪೂರ್ತಿ ಹೋಗದಿದ್ದರೆ ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಮೇಲೆ ಹಾಸಿಟ್ಟು ಮತ್ತೆ ಒರೆಸಿ. ನಾನು ಒಂದೇ ಪ್ಯಾನೆಲಿಗೆ ಆರು ಸಲ ಹೀಗೆ ಮಾಡಿದ್ದೂ ಇದೆ. ಹಳೆಯ ಸ್ಟಿಕ್ಕರಿನ ಅಂಟಿದ್ದರೆ ತೆಂಗಿನೆಣ್ಣೆ ಸವರಿ ಒಂದು ಗಂಟೆ ಬಿಟ್ಟು ಸೋಪುನೀರಿನಿಂದ ತೆಗೆಯಬಹುದು. ಕೊನೆಗೆ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ನೀರಿನಿಂದ ಒರೆಸಿ ಒಣಗಿಸಿ. ಬಾವಿನೀರಿನ ಲವಣ ಒಣಗಿ ಕಲೆಯಾಗುವುದು ಇದರಿಂದ ತಪ್ಪುತ್ತದೆ.

ಜಿಡ್ಡು ಹೋದ ಮೇಲೂ ಬಳೆ ಉಳಿದರೆ ನಾಬು ಪ್ಯಾನೆಲಿಗೆ ತಾಗಿ ತಿರುಗುತ್ತಿತ್ತು ಎಂದರ್ಥ. ಯಾರೋ ಅದನ್ನು ಹೆಚ್ಚು ಒಳಕ್ಕೆ ಒತ್ತಿರುತ್ತಾರೆ. ಸವೆದ ಪೊರೆ ಮರಳಿ ಬಾರದು, ಆದರೆ ಮತ್ತೆ ಕೂರಿಸುವಾಗ ನಡುವೆ ತೆಳ್ಳಗಿನ ಫೆಲ್ಟ್ ಬಟ್ಟೆಯ ಉಂಗುರ ಇಟ್ಟರೆ ಸವೆತ ನಿಲ್ಲುತ್ತದೆ, ಗುರುತೂ ಅದರ ಮರೆಗೆ ಹೋಗುತ್ತದೆ.

ಉದ್ದ ಗೀರು ನಿಮಗೆ ಹೆಚ್ಚು ನೋವು ಕೊಡುವುದು ಎಂದು ನಿಮ್ಮ ಮಾತಿನಲ್ಲೇ ಗೊತ್ತಾಗುತ್ತದೆ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಪಕ್ಕದಿಂದ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಗೀರು ತಗ್ಗಾ, ದಿಣ್ಣೆಯಾ? ಇದು ಮುಖ್ಯ. ಪೊರೆ ಬಹಳ ಗಟ್ಟಿಯಾದ್ದರಿಂದ ಕೀಲಿಕೈಯೋ ಬಳೆಯೋ ತಾಗಿದಾಗ ಎಷ್ಟೋ ಸಲ ಪ್ಯಾನೆಲ್ ಸವೆಯುವುದಿಲ್ಲ, ತಾಗಿದ ವಸ್ತುವೇ ಸವೆದು ತನ್ನ ಪುಡಿಯನ್ನು ಅಲ್ಲಿ ಬಿಡುತ್ತದೆ. ಕಾಣಲು ಗೀರೇ, ನಿಜದಲ್ಲಿ ಮೇಲೆ ಅಂಟಿದ ಗೆರೆ. ಮಕ್ಕಳು ಪೆನ್ಸಿಲ್ ಅಳಿಸುವ ಮೆತ್ತನೆಯ ಬಿಳಿ ರಬ್ಬರಿನಿಂದ ಗೆರೆಗಳ ಉದ್ದಕ್ಕೆ ಹಗುರವಾಗಿ ಉಜ್ಜಿದರೆ ಅದು ಹೋಗಿಬಿಡುತ್ತದೆ. ಶಾಯಿ ಅಳಿಸುವ ಒರಟು ರಬ್ಬರ್ ಬೇಡ, ಅದರಲ್ಲಿ ಮರಳಿನಂಥ ಪುಡಿ ಇರುತ್ತದೆ.

ಉಗುರು ಸಿಕ್ಕಿಕೊಂಡರೆ ಅದು ನಿಜವಾದ ಗೀರು, ಪೊರೆ ದಾಟಿ ಲೋಹಕ್ಕೆ ಇಳಿದಿದೆ. ನಿಮ್ಮದು ಅಡ್ಡಲಾಗಿರುವ ಗೆರೆಗಳನ್ನು ಮೇಲಿನಿಂದ ಕೆಳಕ್ಕೆ ಕತ್ತರಿಸುತ್ತದೆ, ಅದಕ್ಕೇ ಬೆಳಕು ಬಿದ್ದಾಗಲೆಲ್ಲ ಮಿಂಚುತ್ತದೆ. ಅಷ್ಟೇ ಆಳದ ಗೀರು ಅಡ್ಡಲಾಗಿ ಬಿದ್ದಿದ್ದರೆ ನೀವು ಗಮನಿಸುತ್ತಲೂ ಇರಲಿಲ್ಲ. ಇಲ್ಲಿ ಎಮರಿ ಪೇಪರ್ ಹಿಡಿಯುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಅದು ಹುಟ್ಟಿದರೆ ಒಂದು ಕೆಲಸ ಮಾಡಿ: ಅಲ್ಯೂಮಿನಿಯಂ ಕಿಟಕಿ ಮಾಡುವವರ ಹತ್ತಿರ ಬಣ್ಣ ಹಚ್ಚದ, ಬೆಳ್ಳಿಯಂತೆ ಕಾಣುವ ಸೆಕ್ಷನ್ (ಚೌಕಟ್ಟಿನ ಪಟ್ಟಿ) ತುಂಡೊಂದನ್ನು ಕೇಳಿ ತನ್ನಿ. ಅದೂ ಸಾಮಾನ್ಯವಾಗಿ ಆನೊಡೈಸ್ ಆದದ್ದೇ. ಅರ್ಧ ಭಾಗವನ್ನು 400 ನಂಬರಿನ ಪೇಪರಿನಿಂದ ಉಜ್ಜಿ ನೋಡಿ. ಉಜ್ಜಿದ ಕಡೆ ಬೆಳ್ಳಗೆ ಹೊಳೆಯುತ್ತದೆ, ಉಜ್ಜದ ಕಡೆ ಮಾಸಲು ಬೂದು ಬಣ್ಣ ಹಾಗೇ ಇರುತ್ತದೆ. ಈ ಎರಡು ಬಣ್ಣ ಮತ್ತೆಂದೂ ಒಂದಾಗುವುದಿಲ್ಲ. ಒಂದು ಗೀರು ಅಳಿಸಲು ಹೋಗಿ ಅಂಗೈಯಗಲದ ತೇಪೆ ಮಾಡಿಕೊಂಡ ಪ್ಯಾನೆಲ್‌ಗಳು ವರ್ಷಕ್ಕೆ ನಾಲ್ಕೈದಾದರೂ ನನ್ನ ಮೇಜಿಗೆ ಬರುತ್ತವೆ.

ಗೀರಿನ ಮಿಂಚನ್ನು ಕೊಂದರೆ ಸಾಕು, ಗೀರು ಮಾಯವಾಗಬೇಕಿಲ್ಲ. ಚೆನ್ನಾಗಿ ತೊಳೆದು ಒಣಗಿಸಿ, ಉಜ್ಜುಪುಡಿ ಇಲ್ಲದ ಮೇಣವನ್ನು ಗೀರಿನೊಳಕ್ಕೆ ತೀಡಿ. ಕಾರಿಗೆ ಹಚ್ಚುವ ಕಾರ್ನೂಬಾ ಮೇಣ ಆಗುತ್ತದೆ, ವಸ್ತುಸಂಗ್ರಹಾಲಯಗಳಲ್ಲಿ ಬಳಸುವ ಮೈಕ್ರೋಕ್ರಿಸ್ಟಲೈನ್ ಮೇಣ ಸಿಕ್ಕಿದರೆ ಇನ್ನೂ ಒಳ್ಳೆಯದು. ಡಬ್ಬಿಯ ಮೇಲೆ ಪಾಲಿಶ್ ಎಂದಿದ್ದರೆ ಬೇಡ, ಅದರಲ್ಲಿ ಉಜ್ಜುವ ಪುಡಿ ಇರಬಹುದು. ಸಣ್ಣ ಗೀರಿಗೆ ಇಷ್ಟೇ ಸಾಕಾಗುತ್ತದೆ. ಆಳದ್ದಾದರೆ ಬೆಳ್ಳಿ ಬಣ್ಣದ ಇನಾಮೆಲ್ ಪೇಂಟಿಗೆ ಸೂಜಿಮೊನೆಯಷ್ಟು ಕಪ್ಪು ಬೆರೆಸಿ ಪ್ಯಾನೆಲಿನ ಮಾಸಲು ಬಣ್ಣಕ್ಕೆ ಹೊಂದಿಸಿ, ಮೇಣ ಹಾಕುವ ಮುಂಚೆಯೇ ಹಲ್ಲುಕಡ್ಡಿಯ ತುದಿಯಿಂದ ಗೀರಿನೊಳಗೆ ಮಾತ್ರ ಇಳಿಸಿ. ಹೊರಗೆ ಬಂದದ್ದನ್ನು ಹಸಿ ಇರುವಾಗಲೇ ಒಣ ಬಟ್ಟೆಯಿಂದ ಗೆರೆಗಳ ಉದ್ದಕ್ಕೆ ಒಂದೇ ಸಲ ಎಳೆದು ತೆಗೆಯಿರಿ. ಎರಡು ಅಡಿ ದೂರದಿಂದ ಯಾರಿಗೂ ಕಾಣುವುದಿಲ್ಲ. ಕಪ್ಪು ಪ್ಯಾನೆಲಿನವರಿಗೆ ಒಂದು ಮಾತು: ಮಾರ್ಕರ್ ಪೆನ್ನು ಬಳಸಬೇಡಿ, ಅದರ ಕಪ್ಪು ಕೆಲವು ತಿಂಗಳಲ್ಲಿ ನೇರಳೆಗೆ ತಿರುಗುತ್ತದೆ.

ಮಲ್ಟಿಮೀಟರ್ ಬೀಪ್ ಎಂದಿದ್ದರೆ, ಅಂದರೆ ಬರಿಯ ಲೋಹವಾದರೆ, ಗೆರೆಗಳನ್ನೇ ಹೊಸದಾಗಿ ಎಳೆಯಬಹುದು. ಆಗ ಗೀರಿನ ಜಾಗವನ್ನಷ್ಟೇ ಉಜ್ಜುವುದಲ್ಲ, ಪ್ಯಾನೆಲಿನ ಈ ಅಂಚಿನಿಂದ ಆ ಅಂಚಿನವರೆಗೆ. ನೇರವಾದ ಮರದ ಪಟ್ಟಿಯನ್ನು ಕ್ಲ್ಯಾಂಪ್ ಹಾಕಿ ಬಿಗಿದು, ಮರದ ತುಂಡಿಗೆ 400 ನಂಬರಿನ ಪೇಪರ್ ಸುತ್ತಿ, ಸೋಪುನೀರು ಚಿಮುಕಿಸಿ, ಪಟ್ಟಿಗೆ ಒತ್ತಿಕೊಂಡು ಒಂದೇ ದಿಕ್ಕಿಗೆ ಎಳೆಯಬೇಕು. ಕೈ ಅಂಚು ದಾಟಿದ ಮೇಲೇ ಎತ್ತಬೇಕು. ನಡುವೆ ನಿಂತರೆ ನಿಂತಲ್ಲಿ ಗುರುತು ಬೀಳುತ್ತದೆ, ಹಿಂದೆ ಮುಂದೆ ಆಡಿಸಿದರೆ ತುದಿಗಳಲ್ಲಿ ಬಿಲ್ಲಿನಂಥ ಸೊಟ್ಟ ಗೆರೆ ಏಳುತ್ತದೆ. ಪ್ರಿಂಟ್ ಆದ ಅಕ್ಷರಗಳಿದ್ದರೆ ಇದೂ ಬೇಡ. ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ಯಾವ ಕಾರಣಕ್ಕೂ ತೆಗೆದುಕೊಳ್ಳಬೇಡಿ. ಕಬ್ಬಿಣದ ಸಣ್ಣ ಚೂರುಗಳು ಮೆತ್ತನೆಯ ಅಲ್ಯೂಮಿನಿಯಂನಲ್ಲಿ ಹೂತು ಕೂರುತ್ತವೆ. ನಮ್ಮ ಊರಿನ ಗಾಳಿಗೆ ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಅವು ತುಕ್ಕು ಹಿಡಿದು ಪಕ್ಕದ ಲೋಹವನ್ನೂ ತಿನ್ನಲು ಶುರು ಮಾಡುತ್ತವೆ. ನಾಬುಗಳ ಮುಖದ ಸುತ್ತುಗೆರೆ ಮಾತ್ರ ಸುಲಭ. ಸರಿಯಾದ ದಪ್ಪದ ಮರದ ಕಡ್ಡಿಗೆ ನಾಬನ್ನು ಸಿಕ್ಕಿಸಿ, ಕಡ್ಡಿಯನ್ನು ಡ್ರಿಲ್ ಮೆಷಿನಿಗೆ ಕಚ್ಚಿಸಿ ನಿಧಾನಕ್ಕೆ ತಿರುಗಿಸುತ್ತ ಸ್ಕಾಚ್‌ಬ್ರೈಟ್ ತಾಗಿಸಿದರೆ ಹೊಸ ನಾಬಿನ ಹಾಗೆ ಬರುತ್ತದೆ. ಇದೂ ಬರಿಯ ಲೋಹದ ನಾಬಿಗೆ ಮಾತ್ರ.

ಇನ್ನು ಬಿಳಿ ಚುಕ್ಕೆ. ಕಡಿಯಾಳಿಯಿಂದ ಮಲ್ಪೆಯ ಕಡಲು ಬಹಳ ದೂರವಿಲ್ಲ, ಗಾಳಿಯಲ್ಲಿ ಉಪ್ಪು ಇದ್ದೇ ಇರುತ್ತದೆ. ಆ ಉಪ್ಪಿನ ಕ್ಲೋರೈಡ್ ಪೊರೆ ತೆಳುವಾದಲ್ಲಿ, ಒಡೆದಲ್ಲಿ ಒಳಗೆ ನುಗ್ಗಿ ಲೋಹದಲ್ಲಿ ಸೂಜಿಯಷ್ಟು ಗುಂಡಿ ಕೊರೆಯುತ್ತದೆ. ಗುಂಡಿಯ ಬಾಯಲ್ಲಿ ಕಾಣುವ ಬಿಳಿ ಪುಡಿ ಕೊರೆದು ಹೊರಬಂದ ಅಲ್ಯೂಮಿನಿಯಂನ ಅವಶೇಷ. ಪುಡಿಯ ಕೆಳಗೆ ಗುಂಡಿ ಇರುವುದರಿಂದ ಉಜ್ಜಿದರೆ ಚುಕ್ಕೆ ದೊಡ್ಡದಾಗುತ್ತದೆಯೇ ಹೊರತು ಹೋಗುವುದಿಲ್ಲ. ಡಿಸ್ಟಿಲ್ಡ್ ನೀರಲ್ಲಿ ಅದ್ದಿದ ಹಲ್ಲುಕಡ್ಡಿಯಿಂದ ಪುಡಿಯನ್ನಷ್ಟೇ ಬಿಡಿಸಿ, ಎರಡು ಮೂರು ಸಲ ತೊಳೆದು ಉಪ್ಪನ್ನು ಹೊರತೆಗೆಯಿರಿ. ಕೂದಲು ಒಣಗಿಸುವ ಡ್ರೈಯರಿನಿಂದ ಪೂರ್ತಿ ಒಣಗಿಸಿ. ತೇವ ಉಳಿದಿದ್ದರೆ ಮೇಣ ಅದನ್ನು ಒಳಗೇ ಕೂಡಿಹಾಕುತ್ತದೆ, ಆಮೇಲೆ ಪರಿಸ್ಥಿತಿ ಮೊದಲಿಗಿಂತ ಕೆಡುತ್ತದೆ. ಒಣಗಿದ ಮೇಲೆ ಇಡೀ ಪ್ಯಾನೆಲಿಗೆ ತೆಳ್ಳಗೆ ಮೇಣ ಹಚ್ಚಿ, ಹತ್ತು ನಿಮಿಷ ಬಿಟ್ಟು ಒರೆಸಿ. ಮಳೆಗಾಲದ ಮೊದಲೊಮ್ಮೆ, ನವರಾತ್ರಿಯ ಹೊತ್ತಿಗೆ ಇನ್ನೊಮ್ಮೆ ಮಾಡಿದರೆ ಸಾಕು. ಕಬ್ಬಿಣದ ಸ್ಕ್ರೂಗಳ ತಲೆಯಡಿಗೂ ಸ್ವಲ್ಪ ಮೇಣ ಮುಟ್ಟಿಸಿ, ಎರಡು ಲೋಹ ಸೇರುವಲ್ಲಿ ತೇವ ನಿಂತರೆ ಮೊದಲು ಕರಗುವುದು ಅಲ್ಯೂಮಿನಿಯಂ.

ಪೂರ್ತಿ ಹೊಸದು ಮಾಡಿಸಲು ಸಾಧ್ಯವೇ ಎಂದು ನೀವು ಕೇಳಿಲ್ಲ, ಆದರೆ ನಿಮ್ಮ ಭಾವನವರು ಕೇಳಿಯೇ ಕೇಳುತ್ತಾರೆ. ಸಾಧ್ಯ. ಮೊದಲು ಪ್ಯಾನೆಲನ್ನು ಸ್ಕೇಲಿನ ಜೊತೆಗಿಟ್ಟು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಅಕ್ಷರಗಳನ್ನೆಲ್ಲ ಕಂಪ್ಯೂಟರಿನಲ್ಲಿ ಹೊಸದಾಗಿ ಬಿಡಿಸಬೇಕು. ನಂತರ ಕಾಸ್ಟಿಕ್‌ನಲ್ಲಿ ಹಳೆಯ ಪೊರೆ ತೆಗೆಯುವುದು, ಗೆರೆ ಎಳೆಯುವುದು, ಮತ್ತೆ ಆನೊಡೈಸ್, ಕೊನೆಗೆ ಸ್ಕ್ರೀನ್ ಪ್ರಿಂಟ್. ಆಮಂತ್ರಣ ಪತ್ರ, ಸ್ಟಿಕ್ಕರ್ ಮಾಡುವ ನಮ್ಮೂರಿನ ಸ್ಕ್ರೀನ್ ಪ್ರಿಂಟಿಂಗ್‌ನವರು ಕೊನೆಯ ಕೆಲಸವನ್ನು ಚೆನ್ನಾಗಿ ಮಾಡಬಲ್ಲರು. ಆನೊಡೈಸಿಂಗ್‌ಗೆ ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಒಮ್ಮೆ ವಿಚಾರಿಸಿ, ಇಲ್ಲದಿದ್ದರೆ ಬೆಂಗಳೂರಿನ ಪೀಣ್ಯ. ಕಾಸ್ಟಿಕ್, ಆಮ್ಲದ ಕೆಲಸವನ್ನು ಮನೆಯಲ್ಲಿ ಮಾಡಬೇಡಿ. ಕಾಸ್ಟಿಕ್ ಅಲ್ಯೂಮಿನಿಯಂ ಜೊತೆ ಸೇರಿದಾಗ ಹೈಡ್ರೋಜನ್ ಏಳುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಕೊಡುವ ಮೊದಲು ಪ್ಯಾನೆಲಿನ ಹಿಂದೆ ಕಬ್ಬಿಣದ ಬೋಲ್ಟು, ಕ್ಲಿಪ್ಪು ಇದ್ದರೆ ತೆಗೆಸಿ, ಆನೊಡೈಸಿಂಗ್ ತೊಟ್ಟಿಯಲ್ಲಿ ಅವು ಕರಗುತ್ತವೆ. ನಾಬುಗಳನ್ನೂ ಅದೇ ಸಲ ಒಟ್ಟಿಗೇ ಕೊಡಿ, ಬೇರೆ ಬೇರೆ ದಿನ ಮಾಡಿದರೆ ಬಣ್ಣ ಹೊಂದುವುದಿಲ್ಲ. ಅಚ್ಚೆರಕದ ಭಾಗಗಳು ಅವುಗಳ ಲೋಹದಲ್ಲಿರುವ ಸಿಲಿಕಾನ್‌ನಿಂದಾಗಿ ಕಪ್ಪು ಬೂದು ಬಣ್ಣಕ್ಕೆ ತಿರುಗುತ್ತವೆ, ಅವನ್ನು ಕೊಡಬೇಡಿ. ಇಷ್ಟೆಲ್ಲ ಮಾಡಿದ ಮೇಲೆ ಸಿಗುವುದು ಹೊಸ ಮುಖ, ನಿಮ್ಮ ತಂದೆಯ ಬೆರಳು ತಾಗಿದ ಮುಖ ಅಲ್ಲ. ನನ್ನನ್ನು ಕೇಳಿದರೆ ನಿಮ್ಮ ಪ್ಯಾನೆಲಿಗೆ ಅದು ಬೇಡ. ಅಕ್ಷರಗಳು ಪೂರ್ತಿ ಉಳಿದಿರುವಾಗ ಆ ಪೊರೆಯನ್ನು ನಾನಂತೂ ತೆಗೆಯುವುದಿಲ್ಲ.

ಪ್ಲಾಸ್ಟಿಕ್ ಹೊದಿಕೆಯನ್ನು ಇವತ್ತೇ ತೆಗೆಯಿರಿ. ರಾತ್ರಿ ತಂಪಾದಾಗ ಅದರೊಳಗಿನ ತೇವ ನೀರಾಗಿ ಪ್ಯಾನೆಲಿನ ಮೇಲೇ ಕೂರುತ್ತದೆ. ನಿಮ್ಮ ಎಡ ಮೂಲೆಯ ಚುಕ್ಕೆಗಳು ಪ್ಲಾಸ್ಟಿಕ್ ಅಂಟಿಕೊಂಡಿದ್ದ ಜಾಗದಲ್ಲೇ ಇವೆಯಾ ನೋಡಿ, ಇದ್ದರೆ ನನಗೆ ಆಶ್ಚರ್ಯವಿಲ್ಲ. ಹಳೆಯ ಹತ್ತಿ ಪಂಚೆಯನ್ನು ಮಡಚಿ ಹೊದಿಸಿ, ಗೋಡೆಯಿಂದ ಒಂದು ಗೇಣು ಮುಂದೆ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆ ಎರಡು ಸಲ, ಹೊದಿಕೆ ತೆಗೆದು, ಅರ್ಧ ಗಂಟೆಯಾದರೂ ಹಾಡಿಸಿ. ಒಳಗಿನ ಬಿಸಿಗೆ ತೇವ ಹೊರಗೆ ಹೋಗುತ್ತದೆ. ಹೊದಿಕೆ ಮತ್ತೆ ಹಾಕುವುದು ಸೆಟ್ಟು ಪೂರ್ತಿ ತಣಿದ ಮೇಲೆ.